ಬೇಗೂರು ಯಾರ್ರೀ, ಇಳೀರಿ

ಬೇಗೂರು, ಮಡಿವಾಳ, ಅಗರ, ದೊಮ್ಮಲೂರು, ಹೆಬ್ಬಾಳ. ಈ ಹೆಸರುಗಳನ್ನು ಕೂಗಿ ಕೂಗಿಯೇ ನನ್ನ ಗಂಟಲು ಗಂಡಸಿನ ಗಂಟಲಾಯಿತು ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತಳಾದವಳು. ಕಂಡಕ್ಟರಿಗೆ ಊರು ಅನ್ನುವುದಿಲ್ಲ, ಸ್ಟೇಜ್ ಅನ್ನುವುದಿದೆ. ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ, ನಡುವೆ ಎಷ್ಟು ಸ್ಟೇಜು, ಎಷ್ಟು ದುಡ್ಡು, ಚಿಲ್ಲರೆ ಇದೆಯೋ ಇಲ್ಲವೋ. ಬೇಗೂರಿನಲ್ಲಿ ಬಸ್ಸು ನಿಂತರೆ ಒಂದು ಟೀ, ವೇಬಿಲ್ ಮೇಲೆ ಎರಡು ಗೆರೆ, ಮತ್ತೆ ರೈಟ್. ಆ ಟೀ ಅಂಗಡಿಯಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಬೆಂಗಳೂರು ಎಂಬ ಹೆಸರನ್ನು ಸಾವಿರದ ನೂರು ವರ್ಷದ ಹಿಂದೆಯೇ ಕೊರೆದಿಟ್ಟ ಕಲ್ಲೊಂದಿದೆ ಅಂತ ಆಗ ಯಾರಾದರೂ ಹೇಳಿದ್ದರೂ ನಾನು "ಟಿಕೆಟ್ ಟಿಕೆಟ್" ಅಂತಲೇ ಮುಂದೆ ಹೋಗುತ್ತಿದ್ದೆನೇನೋ.

ಹೇಳಿದವಳು ನನ್ನ ತಮ್ಮನ ಮಗಳು. ಇತಿಹಾಸದಲ್ಲಿ ಎಂ.ಎ. ಓದುತ್ತಾಳೆ. "ಅತ್ತೆ, ನಿಮ್ಮ ರೂಟೆಲ್ಲಾ ಇಲ್ಲಿದೆ ನೋಡಿ" ಅಂತ ಮೊಬೈಲಿನಲ್ಲಿ ಹಳೆಯ ಪುಸ್ತಕವೊಂದನ್ನು ತೆರೆದಳು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ', ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ, 1905ರದು. ರೈಸ್ ಪಾದ್ರಿಯೊಬ್ಬರ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಗೆ ಜನ ಕಳಿಸಿ, ತಾವೂ ತಿರುಗಿ, ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದು ಎಲ್ಲೆಲ್ಲಿ ಅಕ್ಷರ ಕಂಡಿತೋ ಅದನ್ನೆಲ್ಲ ಅಚ್ಚು ತೆಗೆಸಿ ಓದಿಸಿ ಸಂಪುಟಗಳಲ್ಲಿ ಹಾಕಿದರು. ಅದರಲ್ಲಿ ತಾಲ್ಲೂಕಿನ ಪ್ರಕಾರ, ಊರಿನ ಪ್ರಕಾರ ಪಟ್ಟಿ ಇದೆ. ನೋಡಿದರೆ ನನ್ನ ಸ್ಟೇಜುಗಳೇ ಸಾಲಾಗಿ ಕೂತಿವೆ. ಮೆಜೆಸ್ಟಿಕ್ ಇಲ್ಲ, ಕಾರ್ಪೊರೇಷನ್ ಇಲ್ಲ. ಬೇಗೂರು ಇದೆ.

ಆವತ್ತಿನಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಹಳೇ ಬೆಂಗಳೂರು ನೋಡಬೇಕು ಅಂದರೆ ಎಲ್ಲರೂ ಅವೆನ್ಯೂ ರಸ್ತೆಗೆ, ಚಿಕ್ಕಪೇಟೆಗೆ ಹೋಗುತ್ತಾರೆ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ ಅಂತ ಶಾಲೆಯ ಪುಸ್ತಕ ಹೇಳುತ್ತದೆ, ಸರಿ. ಆದರೆ ಹೆಬ್ಬಾಳದಲ್ಲೂ ಒಂದು ಶಾಸನದ ಕಲ್ಲಿದೆ, ಅದರ ಕತೆ ಆಮೇಲೆ; ಅದಕ್ಕೆ ಆಗಲೇ ಎಂಟು ಶತಮಾನ ತುಂಬುತ್ತಾ ಬಂದಿತ್ತು. ಬೇಗೂರಿನ ಕಲ್ಲಿಗೆ ಆರು ಶತಮಾನಕ್ಕೂ ಮೇಲಾಗಿತ್ತು. ಲಾಲ್‌ಬಾಗಿನ ಬಂಡೆ, ಮೇಖ್ರಿ ವೃತ್ತ, ಹಲಸೂರು, ಕೆಂಪಾಂಬುಧಿ ಕೆರೆ, ಈ ನಾಲ್ಕು ಕಡೆಯ ಗೋಪುರಗಳು ಊರಿನ ಎಲ್ಲೆ ಅಂತ ಮಾತಿದೆಯಲ್ಲ, ನಾನು ಈಗ ಹೇಳುವ ಜಾಗಗಳೆಲ್ಲ ಆ ಎಲ್ಲೆಯ ಆಚೆಯವು. ಅಂದರೆ ಬೆಂಗಳೂರಿನ ಹಳೆಯ ಭಾಗ ಅದರ ಹೊರವಲಯ. ಬಿಟಿಎಂ, ಎಚ್‌ಎಸ್‌ಆರ್ ಕಡೆ ಫ್ಲ್ಯಾಟ್ ಮಾಡಿಕೊಂಡು "ನಾವು ಹೊಸ ಏರಿಯಾದವರು" ಅನ್ನುವವರು ಪೇಟೆಯವರಿಗಿಂತ ಹಳೆಯ ಮಣ್ಣಿನ ಮೇಲೆ ಕಾರು ನಿಲ್ಲಿಸುತ್ತಿದ್ದಾರೆ.

ಭಾನುವಾರ ಭಾನುವಾರ ಗೈಡ್ ಜೊತೆ ಪಾರಂಪರಿಕ ನಡಿಗೆ ಮಾಡಿಸುವವರಿದ್ದಾರೆ. ಚೆನ್ನಾಗಿಯೇ ಮಾಡಿಸುತ್ತಾರೆ. ಅವು ಹೆಚ್ಚಾಗಿ ಪೇಟೆ, ಬಸವನಗುಡಿ, ಮಲ್ಲೇಶ್ವರದ ಸುತ್ತ. ಹೊರವಲಯದ ಈ ಊರುಗಳಿಗೆ ನಮಗೆ ನಾವೇ ಗೈಡು. ನನಗದೇ ಇಷ್ಟ. ಗುಂಪಿನಲ್ಲಿ ಹೋದರೆ ಅವರು ನಿಂತಲ್ಲಿ ನಿಲ್ಲಬೇಕು, ಹೊರಟಾಗ ಹೊರಡಬೇಕು. ಸರ್ವಿಸ್ ಪೂರ್ತಿ ಟೈಮ್ ಶೀಟಿಗೆ ತಲೆಬಾಗಿದ್ದು ಸಾಕಾಗಿದೆ. ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ನಾನು ಹರಿದುಕೊಟ್ಟ ಟಿಕೆಟ್‌ಗಳನ್ನು ಸರ್ಕಾರ ಈಗ ಒಂದೊಂದಾಗಿ ನನಗೆ ವಾಪಸ್ ಕೊಡುತ್ತಿದೆ ಅಂದುಕೊಂಡಿದ್ದೇನೆ.

ಮೊದಲು ಬೇಗೂರಿಗೆ ಹೋಗಿ. ಬೊಮ್ಮನಹಳ್ಳಿ ಕಡೆಯಿಂದ ಹೊಸೂರು ರಸ್ತೆ ಬಿಟ್ಟು ಬೇಗೂರು ರಸ್ತೆಗೆ ತಿರುಗಿದರೆ ಎರಡೂ ಕಡೆ ಗ್ರಾನೈಟ್ ಅಂಗಡಿ, ಪಿಜಿ, ಅಪಾರ್ಟ್‌ಮೆಂಟು. ಹಳ್ಳಿ ಅನ್ನುವ ಗುರುತು ಯಾವುದೂ ಕಾಣುವುದಿಲ್ಲ. ಇಳಿದ ಮೇಲೆ ನಾಗೇಶ್ವರ ದೇವಸ್ಥಾನ ಅಂತ ಕೇಳಿ. ಪಂಚಲಿಂಗೇಶ್ವರ ಅಂದರೂ ಜನ ಅಲ್ಲಿಗೇ ಕಳಿಸುತ್ತಾರೆ. ಬೆಳಿಗ್ಗೆ ಏಳಕ್ಕೆ, ಏಳೂವರೆಗೆ ಹೋದರೆ ಬಾಗಿಲು ತೆರೆದಿರುತ್ತದೆ, ಬಿಸಿಲು ಓರೆಯಾಗಿರುತ್ತದೆ. ಓರೆ ಬಿಸಿಲು ಯಾಕೆ ಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ದೂರದಿಂದ ಕಾಣುವ ಎತ್ತರದ ಗೋಪುರ ಇತ್ತೀಚಿನದು. ಅದನ್ನು ನೋಡಿ ಇಷ್ಟೇನಾ ಅಂದುಕೊಳ್ಳಬೇಡಿ, ಒಳಗೆ ಹೋಗಿ. ಒಳಗಿರುವವು ಗಿಡ್ಡ ಗುಡಿಗಳು, ಚಪ್ಪಟೆ ಮಾಡು, ದಪ್ಪ ಕಂಬ. ಗಂಗರ ಕಾಲಕ್ಕೆ ಹೋಗುವ ಕಟ್ಟಡ, ಮೇಲೆ ಚೋಳರ ಕಾಲದ ಸೇರ್ಪಡೆ. ಇಲ್ಲಿ ಒಂದು ಲಿಂಗದ ಹೆಸರೇ ಚೋಳೇಶ್ವರ. ನಾನು ಆವರಣದಲ್ಲಿ ಕಲ್ಲು ಕಲ್ಲನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಅಜ್ಜಿ, "ಏನವ್ವಾ ಕಳಕೊಂಡೆ, ಓಲೆಯಾ?" ಅಂದಳು.

"ಓಲೆಯಲ್ಲಜ್ಜಿ, ಬೆಂಗಳೂರು ಅಂತ ಬರೆದಿರೋ ಕಲ್ಲು."

"ಅದಾ? ಅದನ್ನ ಹುಡುಕಿಕೊಂಡು ಈಗೀಗ ಬೋ ಜನ ಬತ್ತಾರೆ. ಅಲ್ಲೇ ಐತೆ ನೋಡು" ಅಂತ ಕತ್ತು ಆಡಿಸಿದಳು, ಕೈಯಲ್ಲಿದ್ದ ದಾರ ಬಿಡಲಿಲ್ಲ.

ಕಲ್ಲು ದೊಡ್ಡದೇನಲ್ಲ. ಹಳಗನ್ನಡದ ಕೆಲವೇ ಸಾಲು. ಗಂಗರ ಕೈಕೆಳಗಿನ ನಾಗತ್ತರ ಎಂಬ ಸಾಮಂತನ ಕಡೆಯವನೊಬ್ಬ ಬೆಂಗಳೂರ ಕಾಳೆಗದಲ್ಲಿ ಸತ್ತ ಅನ್ನುವುದು ಅದರ ಸಾರಾಂಶ. ಕಾಳೆಗ ಯಾರ ಯಾರ ನಡುವೆ, ಯಾಕೆ, ಯಾರು ಗೆದ್ದರು ಅನ್ನುವ ಗೋಜಿಗೆ ಕಲ್ಲು ಹೋಗುವುದಿಲ್ಲ. ಸತ್ತವನು ನೆನಪಿರಬೇಕು, ಅಷ್ಟೇ ಅದರ ಕೆಲಸ. ಆದರೆ ಯಾರನ್ನೋ ನೆನೆಯಲು ಹೋಗಿ ಅದು ನಮ್ಮೂರಿನ ಹೆಸರನ್ನು ಉಳಿಸಿಕೊಟ್ಟಿದೆ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟಳು ಅನ್ನುವ ಕತೆಯನ್ನು ನಾನೂ ಮೊಮ್ಮಕ್ಕಳಿಗೆ ಹೇಳಿದ್ದೇನೆ. ಕತೆ ಇರಲಿ ಬಿಡಿ, ರುಚಿಯಾಗಿದೆ. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಈ ಕಲ್ಲು ಇಲ್ಲಿತ್ತು.

ಇದರ ಮೇಲೆ ಇಸವಿ ಇಲ್ಲ. ಹಾಗಾದರೆ ಸುಮಾರು 890 ಅಂತ ಹೇಗೆ ಹೇಳುತ್ತಾರೆ? ನನಗೂ ಇದೇ ಅನುಮಾನ ಬಂದಿತ್ತು. ಅಕ್ಷರದ ಆಕಾರ ನೂರು ವರ್ಷಕ್ಕೊಮ್ಮೆಯಾದರೂ ಬದಲಾಗುತ್ತದಂತೆ, ಅದು ಒಂದು ಸುಳಿವು. ಇನ್ನೊಂದು ಸುಳಿವು ಹೆಸರು: ನಾಗತ್ತರನ ಹೆಸರು ಬರುವ ಬೇರೆ ಕಲ್ಲಿನಲ್ಲಿ ಗಂಗ ಅರಸು ಎರೆಯಪ್ಪನ ಹೆಸರೂ ಇದೆ, ಎರೆಯಪ್ಪ ಯಾವಾಗ ಆಳಿದ ಅನ್ನುವುದು ಇತರ ಶಾಸನಗಳಿಂದ ಗೊತ್ತು. ಇಸವಿ ಇರುವ ಶಾಸನವಾದರೆ ಇಷ್ಟು ಕಷ್ಟವಿಲ್ಲ. ಅದರಲ್ಲಿ ಶಕ ವರ್ಷ ಇರುತ್ತದೆ, 78 ಕೂಡಿಸಿದರೆ ನಮ್ಮ ಇಸವಿ. ಶಕ 1169 ಅಂತ ಕಂಡರೆ 1247. ಕಂಡಕ್ಟರಿಗೆ ಕೂಡುವುದು ಹೇಳಿಕೊಡಬೇಕಾಗಿಲ್ಲ.

ಈಗ ಓರೆ ಬಿಸಿಲಿನ ವಿಷಯ. ನಡುಹಗಲಲ್ಲಿ ಶಾಸನದ ಮುಂದೆ ನಿಂತರೆ ಬರೀ ಉರುಟು ಕಲ್ಲು ಕಾಣುತ್ತದೆ. ಕೊರೆದ ಗೆರೆ ಸವೆದು ಸವೆದು ಅಷ್ಟು ಮೇಲೆ ಬಂದಿರುತ್ತದೆ. ಬೆಳಕು ಪಕ್ಕದಿಂದ ಬಿದ್ದಾಗ ಪ್ರತಿ ಗೆರೆಯ ಒಂದು ಅಂಚಿಗೆ ನೆರಳು ಕೂರುತ್ತದೆ, ಅಕ್ಷರ ಎದ್ದು ಬರುತ್ತದೆ. ನೆರಳಲ್ಲಿರುವ ಕಲ್ಲಾದರೆ ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕಕ್ಕೆ ಹಿಡಿಯಿರಿ, ನೇರ ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಸವರುವವರನ್ನು, ಮೈದಾ ಹಿಟ್ಟು ಮೆತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎಣ್ಣೆ, ಕುಂಕುಮವೂ ಬೇಡ. ಪೂಜೆ ಮಾಡುವ ಕೈಯನ್ನು ತಡೆಯುವ ಧೈರ್ಯ ನನಗಿಲ್ಲ, ನಾವಾದರೂ ಹಚ್ಚದೆ ಇರೋಣ.

ಅದೇ ಆವರಣದಲ್ಲಿ ವೀರಗಲ್ಲುಗಳಿವೆ. ನೋಡಲು ಬಾರದಿದ್ದರೆ ಎಲ್ಲವೂ ಒಂದೇ ಥರ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಯಲ್ಲಿ ಜಗಳ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ದನ, ಯಾಕೆಂದರೆ ಆ ಕಾಲದಲ್ಲಿ ಸತ್ತವರಲ್ಲಿ ಎಷ್ಟೋ ಜನ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ದೇವರ ಪಕ್ಕದಲ್ಲಿ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ ಇದ್ದರೆ ಅವರಿರುವವರೆಗೆ ಇದೂ ಇರಲಿ ಅಂತ ಅರ್ಥ. ಪಟ್ಟಿ ಮೂರೇ ಇರಬೇಕೆಂದೇನಿಲ್ಲ, ಒಂದೇ ಇರುವ ಬಡವರ ಕಲ್ಲುಗಳೂ ಇವೆ.

ಬೇಗೂರಿನ ಅತಿ ದೊಡ್ಡ ವೀರಗಲ್ಲು ಮಾತ್ರ ಬೇಗೂರಿನಲ್ಲಿಲ್ಲ. ಅದು ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಹೋಗುವ ಮೊದಲು ತೆರೆದಿದೆಯೇ ಅಂತ ವಿಚಾರಿಸಿಕೊಂಡು ಹೋಗಿ. ಕಲ್ಲಿನ ತುಂಬ ಯುದ್ಧ: ಆನೆ, ಕುದುರೆ, ಬಿದ್ದವರು, ಬೀಳುತ್ತಿರುವವರು. ನಾಗತ್ತರ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೈನ್ಯದ ವಿರುದ್ಧ ಕಾದಾಡಿ ಸತ್ತಾಗ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಅಂತ ಕರೆಯುವ ಹಳ್ಳಿಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಬೆಂಪೂರು ಅಂದರೆ ಇದೇ ಬೇಗೂರು. ಹಳ್ಳಿಗಳ ಪಟ್ಟಿಯಲ್ಲಿ ಇಗ್ಗಲೂರು ಅಂತ ಒಂದಿದೆ. ಹೊಸೂರು ರಸ್ತೆಯ ಕಡೆ ಇಗ್ಗಲೂರು ಇವತ್ತಿಗೂ ಇದೆ, ಬಸ್ಸೂ ಹೋಗುತ್ತದೆ. ಸಾವಿರದ ನೂರು ವರ್ಷದಲ್ಲಿ ಅರಸರ ಮನೆತನಗಳು ಎಷ್ಟೋ ಬದಲಾದವು, ಸ್ಟಾಪಿನ ಹೆಸರು ಬದಲಾಗಲಿಲ್ಲ.

ಬೇಗೂರು ಬಿಡುವ ಮೊದಲು ಕೆರೆ ಕಡೆ ಒಂದು ಸುತ್ತು ಹಾಕಿ, ಊರೊಳಗೆ ಕೋಟೆ ಎಲ್ಲಿ ಅಂತ ಕೇಳಿ ಹೋಗಿ. ಕೋಟೆ ಅಂದರೆ ಚಿತ್ರದುರ್ಗವನ್ನು ನೆನೆಸಿಕೊಂಡು ಹೋದರೆ ನಿರಾಸೆ. ಸಣ್ಣ ಮಣ್ಣಿನ ಕೋಟೆಯ ಉಳಿಕೆ ಇದು. ಹೆಂಗಸರಿಗೆ ಒಂದು ಕಿವಿಮಾತು: ಈ ನಡಿಗೆಗಳಲ್ಲಿ ಶೌಚಾಲಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. ದೇವಸ್ಥಾನದ ಬಳಿ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ತಿಂಡಿ ತಿನ್ನುವ ಹೋಟೆಲನ್ನು ಅದನ್ನು ನೋಡಿಯೇ ಆರಿಸಿ. ರೂಟಿನಲ್ಲಿ ದುಡಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಗೂರಿನಿಂದ ಮಡಿವಾಳಕ್ಕೆ ನಡೆದು ಹೋಗಿ ಅಂತ ನಾನು ಹೇಳುವುದಿಲ್ಲ. ಹೊಸೂರು ರಸ್ತೆಯ ಹೊಗೆ ಕುಡಿದು ಪುಣ್ಯ ಬರುವುದಿಲ್ಲ. ಬಸ್ಸು ಹತ್ತಿ. ಹೊರವಲಯದ ನಡಿಗೆ ಅಂದರೆ ಊರೊಳಗೆ ಕಾಲು, ಊರಿನಿಂದ ಊರಿಗೆ ಬಸ್ಸು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ನಿಂತೇ ಇರುವಾಗ ಪುಸ್ತಕದ ನಾಲ್ಕು ಪುಟ ಓದಿ ಮುಗಿಸಬಹುದು.

ಮಡಿವಾಳ ಮಾರ್ಕೆಟ್ಟಿನ ಗದ್ದಲದ ಹಿಂದೆಯೇ ಸೋಮೇಶ್ವರನ ಗುಡಿ. ಗರ್ಭಗುಡಿಯ ಹೊರಗೋಡೆ, ಅದರ ಬುಡದ ಕಲ್ಲಿನ ಪಟ್ಟಿ, ಅಲ್ಲಿ ನೋಡಬೇಕು. ಇಲ್ಲಿಯ ಅಕ್ಷರ ತಮಿಳು. ಅದರಲ್ಲಿ ಹಳೆಯದು 1247ರದು. ವೆಪ್ಪೂರಿನವನೊಬ್ಬ ದೇವರಿಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ವೆಪ್ಪೂರು ಅಂದರೆ ನಾವು ಈಗಷ್ಟೇ ಬಿಟ್ಟು ಬಂದ ಬೇಗೂರು! ನಾನು ಟಿಕೆಟ್ ಕೊಟ್ಟ ರೂಟಿನಲ್ಲೇ ಆ ಮಹಾರಾಯ ನಡೆದುಕೊಂಡೋ ಗಾಡಿಯಲ್ಲೋ ಬಂದಿರಬೇಕು ಅಂತ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು.

ಬೆಂಗಳೂರಿನ ಪಕ್ಕದಲ್ಲಿ ತಮಿಳು ಶಾಸನ ಯಾಕೆ ಅಂತ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ತಲಕಾಡು ಹಿಡಿದು ಗಂಗರ ಆಳ್ವಿಕೆಯನ್ನು ಮುಗಿಸಿದರು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಚೋಳರಿಂದ ಕಿತ್ತುಕೊಂಡ. ಚೋಳರ ಅರಸು ಹೋದರೂ ತಮಿಳಿನಲ್ಲಿ ಬರೆಯುವ ರೂಢಿ ಮೂಡಲ ಸೀಮೆಯಲ್ಲಿ ಉಳಿಯಿತು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋದಾಗ ತಮಿಳು ಸೀಮೆಯೂ ಈ ಕಡೆಯ ನೆಲವೂ ಕಿರಿಯ ರಾಮನಾಥನ ಪಾಲಿಗೆ ಬಂದವು. ಕನ್ನಡದ ಹೊಯ್ಸಳರೇ ಇಲ್ಲಿ ತಮಿಳಿನಲ್ಲಿ ಕೆತ್ತಿಸಿದರು, ಓದುವವರಿಗೆ ಅರ್ಥವಾಗಬೇಕಲ್ಲ. ನನ್ನ ಬಸ್ಸಿನಲ್ಲೂ ಮಡಿವಾಳಕ್ಕೆ ಮೂರು ನಾಲ್ಕು ಭಾಷೆಯಲ್ಲಿ ಟಿಕೆಟ್ ಕೇಳುತ್ತಿದ್ದರು. ಕೊಟ್ಟ ಟಿಕೆಟ್ ಒಂದೇ.

ಇದೇ ಗುಡಿಯ ಶಾಸನಗಳಲ್ಲಿ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ಮಾತು ಬರುತ್ತದೆ, ತಾಮರೈಕ್ಕಿರೈ ಅನ್ನುವ ಹೆಸರು ಬರುತ್ತದೆ. ಎರಡನೆಯದು ತಾವರೆಕೆರೆ. ಬಿಟಿಎಂ ಬಡಾವಣೆ ಅನ್ನುತ್ತೇವಲ್ಲ, ಬಿ ಅಂದರೆ ಬೈರಸಂದ್ರ, ಟಿ ಅಂದರೆ ತಾವರೆಕೆರೆ, ಎಂ ಅಂದರೆ ಮಡಿವಾಳ. ಅದರ ನಡುವಿನ ಟಿ ಮಧ್ಯಯುಗದ ಶಾಸನದಲ್ಲಿದೆ ಅಂತ ಅಲ್ಲಿನ ಪಿಜಿ ಹುಡುಗರಿಗೆ ಹೇಳಿ ನೋಡಿ, ನಗುತ್ತಾರೆ. ಗುಡಿಯಿಂದ ತಾವರೆಕೆರೆ ಮುಖ್ಯರಸ್ತೆಗೆ ನಡೆದು ಹೋಗಬಹುದು. ಕೆರೆ ಹುಡುಕಬೇಡಿ, ಇಲ್ಲ. ರಸ್ತೆ ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ ಅನ್ನುವುದನ್ನು ಕಾಲಿಗೆ ಬಿಟ್ಟುಬಿಡಿ. ಜೋರು ಮಳೆ ಬಂದಾಗ ಯಾವ ಅಡ್ಡರಸ್ತೆಯಲ್ಲಿ ನೀರು ನಿಲ್ಲುತ್ತದೆ ಅಂತ ಅಲ್ಲಿಯ ಅಂಗಡಿಯವರನ್ನು ಕೇಳಿ. ನೀರಿಗೆ ತನ್ನ ಹಳೆಯ ಮನೆಯ ವಿಳಾಸ ಮರೆಯುವುದಿಲ್ಲ.

ಕೆರೆಯ ಮಾತು ಬಂತಲ್ಲ, ಅಗರಕ್ಕೆ ಹೋಗೋಣ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ದಿಬ್ಬದ ಮೇಲಿರುವ ಊರು, ಬಿದ್ದ ಮಳೆ ನಾಲ್ಕು ದಿಕ್ಕಿಗೆ ಹರಿದುಹೋಗುತ್ತದೆ. ಹಾಗೆ ಹೋಗುವ ನೀರಿಗೆ ಅಲ್ಲಲ್ಲಿ ಅಡ್ಡ ಏರಿ ಹಾಕಿ ಹಿಡಿದಿಟ್ಟವೇ ನಮ್ಮ ಕೆರೆಗಳು. ಒಂದು ತುಂಬಿ ಕೋಡಿ ಬಿದ್ದರೆ ಅದರ ನೀರು ಕೆಳಗಿನದಕ್ಕೆ. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ.

ಈ ಸರಪಳಿ ಇವತ್ತಿನದಲ್ಲ ಅನ್ನುವುದಕ್ಕೆ ಅಗರದ ಶಾಸನವೇ ಸಾಕ್ಷಿ. ಒಂಬತ್ತನೆಯ ಶತಮಾನದ್ದು, ಗಂಗರ ಕಾಲದ್ದು. ಇರುಗಮಯ್ಯನ ಮಗ ಸಿರಿಮಯ್ಯ ಎಂಬುವನು ಎರಡು ಕೆರೆಗೆ ತೂಬು ಇಡಿಸಿದ, ಮೂರನೆಯದೊಂದನ್ನು ಕಟ್ಟಿಸಿದ, ಅದಕ್ಕೆ ಅವನಿಗೆ ಬಿಟ್ಟುವಟ್ಟ ಸಿಕ್ಕಿತು. ತೂಬು ಅಂದರೆ ಏರಿಯ ಒಳಗಿನಿಂದ ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ಕಿಂಡಿ. ಬಿಟ್ಟುವಟ್ಟ ಅಂದರೆ ಕೆರೆ ಕಟ್ಟಿಸಿದವನಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಬಿಟ್ಟುಕೊಡುವ ಪಾಲು. ಎಂಥ ಲೆಕ್ಕಾಚಾರ ನೋಡಿ: ಕೆರೆಯಲ್ಲಿ ನೀರಿದ್ದರೆ ಮಾತ್ರ ಆ ಭೂಮಿಗೆ ಬೆಲೆ. ಕಟ್ಟಿಸಿದವನು ಹೂಳು ತೆಗೆಸದೆ, ಏರಿ ನೋಡಿಕೊಳ್ಳದೆ ಬಿಟ್ಟರೆ ಅವನದೇ ಗದ್ದೆ ಒಣಗುತ್ತದೆ. ಕಂಟ್ರಾಕ್ಟರಿಗೆ ದುಡ್ಡಿನ ಬದಲು ಗದ್ದೆ ಕೊಟ್ಟ ಈ ಉಪಾಯ ನಮ್ಮ ರಸ್ತೆಗಳಿಗೂ ಇರಬೇಕಿತ್ತು. ಗುಂಡಿಗಳ ಮೇಲೆ ನಿಂತೇ ಟಿಕೆಟ್ ಕೊಟ್ಟ ನನ್ನ ಸೊಂಟ ಈ ಮಾತನ್ನು ಒಪ್ಪುತ್ತದೆ.

ಅಗರ ಕೆರೆ ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಇದೆ. ಈಗ ಸುತ್ತ ನಡೆಯುವ ದಾರಿ ಮಾಡಿ, ಮರ ಬೆಳೆಸಿ, ಎಚ್‌ಎಸ್‌ಆರ್ ಬಡಾವಣೆಯವರ ಬೆಳಗಿನ ಪಾರ್ಕು ಆಗಿದೆ. ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡವರು ಸುತ್ತುತ್ತಾರೆ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತದೆ, ನಾಮಗೋಳಿ ಜೊಂಡಿನೊಳಗಿಂದ ಇಣುಕುತ್ತದೆ. ನೀವು ಒಂದು ಸುತ್ತನ್ನು ಬೇರೆ ಥರ ಹಾಕಿ. ನೀರು ಎಲ್ಲಿಂದ ಬರುತ್ತದೆ, ಏರಿ ಎಲ್ಲಿದೆ, ಕೋಡಿ ಯಾವ ಕಡೆ, ಕೆಳಗೆ ಗದ್ದೆ ಇದ್ದ ಜಾಗ ಈಗ ಏನಾಗಿದೆ ಅಂತ ಗಮನಿಸುತ್ತಾ ನಡೆಯಿರಿ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು ಮೇಲೆ, ಇನ್ನೊಂದು ಕಡೆ ನೆಲ ಕೆಳಗೆ. ಆ ಕೆಳಗಿನ ನೆಲವೇ ಒಂದು ಕಾಲದ ಅಚ್ಚುಕಟ್ಟು. ಬೆಂಗಳೂರಿನ ಯಾವ ಕೆರೆಗೆ ಹೋದರೂ ಇದನ್ನು ಓದಬಹುದು, ಇದಕ್ಕೆ ಶಾಸನವೂ ಬೇಡ, ಲಿಪಿಯೂ ಬೇಡ.

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯನ್ನು ಒಂದು ಸಂಜೆಗೆ ಇಟ್ಟುಕೊಳ್ಳಿ. ಫ್ಲೈಓವರು, ಐಟಿ ಕಚೇರಿಗಳ ನಡುವೆ ಹಳೇ ಊರಿನ ಗಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅಲ್ಲಿ ಕೇಳಿದರೆ ತೋರಿಸುತ್ತಾರೆ. ಇಲ್ಲಿಯೂ ಹದಿಮೂರನೆಯ ಶತಮಾನದ ತಮಿಳು ಶಾಸನಗಳು, ದೇವರು ಸೊಕ್ಕಪ್ಪೆರುಮಾಳ್, ಊರು ತೊಂಬಲೂರು. ಅರ್ಧ ಗಂಟೆಯ ನೋಟ, ಆದರೆ ತಂಪು ಜಾಗ. ಸುಮ್ಮನೆ ಕೂತು ಬರುವುದಕ್ಕೂ ಆಗುತ್ತದೆ.

ಹೆಬ್ಬಾಳದ ಕತೆ ಬೇರೆ. ರೈಸ್ ಅವರ ಸಂಪುಟ ಹಿಡಿದು ಹೋದರೆ ಆ ಕಲ್ಲು ಸಿಗುವುದಿಲ್ಲ, ಏಕೆಂದರೆ ಅವರಿಗೂ ಅದು ಸಿಕ್ಕಿರಲಿಲ್ಲ. ಅದು ಜನರ ಕಣ್ಣಿಗೆ ಬಿದ್ದದ್ದು 2018ರಲ್ಲಿ. ಕಂಡುಹಿಡಿದವರು ಸರ್ಕಾರದ ಸಂಬಳದವರಲ್ಲ, ರಜಾ ದಿನಗಳಲ್ಲಿ ಶಾಸನ ಹುಡುಕುತ್ತಾ ತಿರುಗುವ ಆಸಕ್ತರು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ದಂಡು ಏರಿ ಬಂದಾಗ ಪೆರ್ಬೊೞಲ್‌ನಾಡಿನ ಕಿತ್ತಯ್ಯ ಎಂಬುವನು ಕಾದಾಡಿ ಸತ್ತ, ಅವನ ನೆನಪಿಗೆ ನೆಟ್ಟ ಕಲ್ಲು. ಪೆರ್ಬೊೞಲ್ ಸವೆದು ಹೆಬ್ಬಾಳವಾಗಿದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ಊರವರು, ಆಸಕ್ತರು ಸೇರಿ ಅದಕ್ಕೊಂದು ಮಂಟಪ ಕಟ್ಟಿ ನಿಲ್ಲಿಸಿದ್ದಾರೆ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸುಗಳು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಹಾದುಹೋಗುತ್ತವಲ್ಲ, ಅದರಲ್ಲಿ ಕೂತವರಿಗೆ ಕಿತ್ತಯ್ಯನ ಗುರುತಿಲ್ಲ. ಹಾಗೇನಾದರೂ ವಿಮಾನ ತಡವಾದರೆ ಇಳಿದು ನೋಡಿ ಬರಬಹುದು. ಆಮೇಲೆ ವಿಮಾನ ತಪ್ಪಿದರೆ ನನ್ನನ್ನು ಬೈಯಬೇಡಿ.

ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಲ್ಲಿ ಶುರುವಾದ ಹಳೇ ಸಂಸ್ಥೆ, ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರೂ ನೋಡುವಂತೆ ಇಡುತ್ತಿದೆ, ಎಲ್ಲಿವೆ ಅನ್ನುವುದನ್ನು ನಕ್ಷೆಯಲ್ಲಿ ಗುರುತಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ. ರೈಸ್ ಅವರ ಸಂಪುಟವೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಇವೆರಡಿದ್ದರೆ ಮನೆಯಿಂದಲೇ ನಡಿಗೆಯ ದಾರಿ ಹಾಕಿಕೊಳ್ಳಬಹುದು. ನಾನು ಮಾಡುವುದು ಹೀಗೆ: ಮೊದಲು ನಾನಿರುವ ಬಡಾವಣೆಯ ಹಳೇ ಹಳ್ಳಿಯ ಹೆಸರು ಯಾವುದು ಅಂತ ತಿಳಿದುಕೊಳ್ಳುತ್ತೇನೆ, ಏಕೆಂದರೆ ಪುಸ್ತಕದಲ್ಲಿ ಫಸ್ಟ್ ಸ್ಟೇಜ್, ಸೆಕೆಂಡ್ ಬ್ಲಾಕ್ ಇರುವುದಿಲ್ಲ. ಆಮೇಲೆ ಆ ಹೆಸರನ್ನು ಪಟ್ಟಿಯಲ್ಲಿ ಹುಡುಕುತ್ತೇನೆ. ಸಿಕ್ಕರೆ, ಶಾಸನ ಎಲ್ಲಿತ್ತು ಅಂತ ಅಲ್ಲೇ ಬರೆದಿರುತ್ತದೆ: ಗುಡಿಯ ಎದುರು, ಕೆರೆಯ ಏರಿಯ ಮೇಲೆ, ಯಾರದೋ ಹೊಲದಲ್ಲಿ. ಹೊಲ ಈಗ ಸೂಪರ್ ಮಾರ್ಕೆಟ್ ಆಗಿರುತ್ತದೆ. ಗುಡಿ ಬಹುಪಾಲು ಅಲ್ಲೇ ಇರುತ್ತದೆ, ಹೊಸ ಪೇಂಟು ಬಳಿದುಕೊಂಡು. ಅಲ್ಲಿಂದ ಮುಂದಕ್ಕೆ ಪೂಜಾರಿಯನ್ನೋ, ಹೂವಿನವಳನ್ನೋ, ಅರಳಿಕಟ್ಟೆಯ ಮೇಲೆ ಪೇಪರ್ ಓದುವ ಹಿರಿಯರನ್ನೋ ಕೇಳುವುದು. "ಇಲ್ಲಿ ಬರಹ ಇರೋ ಹಳೇ ಕಲ್ಲು ಇದೆಯಾ?" ಅಂತ ಕೇಳಿದರೆ ಸಾಕು. ಶಾಸನ ಅಂದರೆ ಕೆಲವರಿಗೆ ಕೋರ್ಟು ಕಚೇರಿ ನೆನಪಾಗಿ ಗಾಬರಿಯಾಗುತ್ತದೆ.

ಪಟ್ಟಿಯಲ್ಲಿಲ್ಲದ ಕಲ್ಲು ನಿಮ್ಮ ಕಣ್ಣಿಗೆ ಬೀಳುವುದೂ ಉಂಟು. ಮೋರಿಗೆ ಹಾಸಿದ ಚಪ್ಪಡಿ, ಬಟ್ಟೆ ಒಗೆಯುವ ಕಲ್ಲು, ಬೇಲಿಯಲ್ಲಿ ವಾರೆಯಾಗಿ ನಿಂತ ಕಂಬ, ಎಲ್ಲದರ ಇನ್ನೊಂದು ಮುಖವನ್ನು ಒಮ್ಮೆ ನೋಡಿ. ಅಕ್ಷರವೋ ಚಿತ್ರವೋ ಕಂಡರೆ ಬೆಳಕು ಪಕ್ಕದಿಂದ ಬೀಳುವ ಹೊತ್ತಿಗೆ ನಾಲ್ಕಾರು ಫೋಟೊ ತೆಗೆಯಿರಿ, ಕಲ್ಲಿನ ಪಕ್ಕ ಅಳತೆಗೆ ಒಂದು ಸ್ಕೇಲೋ ನೀರಿನ ಬಾಟಲಿಯೋ ಇರಲಿ. ಜಾಗದ ಗುರುತನ್ನು ಮೊಬೈಲಿನ ನಕ್ಷೆಯಲ್ಲಿ ಉಳಿಸಿಕೊಂಡು ಮಿಥಿಕ್ ಸೊಸೈಟಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಮನೆಯವರ ಜಾಗವಾದರೆ ಮೊದಲು ಅವರನ್ನು ಕೇಳಿ, ನಿಧಿ ಹುಡುಕಲು ಬಂದವರಲ್ಲ ಅಂತ ಬಿಡಿಸಿ ಹೇಳಿ, ಕಾಫಿ ಕೊಟ್ಟರೆ ಕುಡಿಯಿರಿ. ಬ್ರಷ್ಷಿನಿಂದ ಉಜ್ಜುವುದು, ಆಸಿಡ್ ಹಾಕಿ ತೊಳೆಯುವುದು, ನಾಲ್ಕು ಜನ ಸೇರಿ ಎತ್ತಿ ಹತ್ತಿರದ ಗುಡಿಗೆ ಸಾಗಿಸುವುದು, ಇವು ಯಾವುದೂ ಬೇಡ. ಕಲ್ಲು ಎಲ್ಲಿ ನಿಂತಿತ್ತು ಅನ್ನುವುದು, ಅದರ ಮೇಲೆ ಏನು ಬರೆದಿದೆ ಅನ್ನುವುದರಷ್ಟೇ ಮುಖ್ಯ. ಓದುವವರು ಬರುವವರೆಗೆ ಅದು ಅಲ್ಲೇ ಇರಲಿ.